ಉಲ್ಟಾ ತಿರುಗಿದ ಮೋಟಾರು

ಜನಪ್ರತಿನಿಧಿಯಾದವನು ಜನರ ನಾಡಿಮಿಡಿತ ಬಲ್ಲವನಾಗಿರಬೇಕು. ನಾನು ಕಂಡ ಶಾಸಕರೊಬ್ಬರು ಚೆನ್ನಾಗಿ ಬಲ್ಲದ್ದು ಮೋಟಾರಿನ ನಾಡಿಯನ್ನು.

ಮೊನ್ನೆ ಹಿರಿಯೂರಿನಲ್ಲಿ ಮನೆಯ ಮೋಟಾರು ರಿವೈಂಡಿಂಗಿಗೆ ಕೊಡಲು ಹೋದಾಗ ಅಂಗಡಿಯಲ್ಲಿ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಅವರ ನೆನಪಾಯಿತು... ಶಾಸಕರಾಗುವ ಮುಂಚೆ ಅವರು ಹೊಳಲ್ಕೆರೆಯಲ್ಲಿ ಇಂಥದೇ ಅಂಗಡಿ ಇಟ್ಟಿದ್ದರು. ಗೆದ್ದ ಮೇಲೆ ಅಂಗಿ ಬಿಳಿಯಾಯಿತು. ಉಗುರು ಸಂದಿಯ ಕಪ್ಪು ಹೋಗಲಿಲ್ಲ.

ಆಗ ನಾನು ನೀರು ಸರಬರಾಜಿನ ಹೊಸ ಇಂಜಿನಿಯರು. ಪ್ರೊಬೇಷನ್ ಮುಗಿಯಲು ಒಂದು ತಿಂಗಳು ಬಾಕಿ. ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಕೊಳವೆಬಾವಿಯ ಉದ್ಘಾಟನೆ. ವೈರ್‌ಮನ್ ಮದುವೆಗೆ ಹೋಗಿದ್ದರಿಂದ ಕನೆಕ್ಷನ್ ನಾನೇ ಕೊಟ್ಟಿದ್ದೆ. ಆದರೆ ಸ್ವಿಚ್ಚಿಗೆ ಅರಿಶಿನ ಕುಂಕುಮ ಬಿದ್ದಾಗಿತ್ತು. ಶಾಸಕರಿಗಿಂತ ಮೊದಲು ಯಾರೂ ಒತ್ತಬಾರದೆಂದು ಊರ ಹಿರಿಯರು ಹೇಳಿದರು. ಹಾಗಾಗಿ ಪರೀಕ್ಷಿಸಿ ನೋಡಲಿಲ್ಲ.

ಶಾಸಕರು ಒತ್ತಿದರು. ಚಪ್ಪಾಳೆ ಬಿತ್ತು. ನೀರೂ ಬಂತು, ತೀರ್ಥಕ್ಕೆ ಸಾಲುವಷ್ಟು.

“ಇಷ್ಟು ನೀರಿಗೆ ಅಷ್ಟು ದೊಡ್ಡ ಹಾರ ಹಾಕೀವಲ್ಲೇ,” ಎಂದು ಬಿಂದಿಗೆ ಹಿಡಿದ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದಳು.

ನನ್ನ ಮೇಲಧಿಕಾರಿ ಹಲ್ಲು ಕಚ್ಚಿ, “ನಿನ್ನ ನೌಕರಿ ಇವತ್ತಿಗೆ ಮುಗೀತು,” ಎಂದರು. ನನಗೂ ಹಾಗೇ ಅನ್ನಿಸಿತ್ತು.

ಶಾಸಕರು ಹಾರ ತೆಗೆದಿಟ್ಟು ಪೈಪಿಗೆ ಕಿವಿಯಿಟ್ಟರು, ಡಾಕ್ಟರರಷ್ಟೇ ಗಂಭೀರವಾಗಿ.

“ಕನೆಕ್ಷನ್ ಕೊಟ್ಟೋರು ಯಾರ್ರಿ?”

“ನಾನೇ ಸಾರ್.”

“ಮೋಟ್ರು ಉಲ್ಟಾ ತಿರುಗ್ತಾ ಐತೆ. ಎರಡು ವೈರು ಅದಲು ಬದಲು ಆಗ್ಯಾವೆ. ಫ್ಯೂಸ್ ತೆಗೀರಿ.”

ಅಂಗಿಯ ತೋಳು ಮಡಿಸಿ, ಸ್ಟಾರ್ಟರ್ ಡಬ್ಬಿ ಬಿಚ್ಚಿ, ಅವರೇ ವೈರು ಬದಲಿಸಿದರು. ಈ ಸಲ ನುಗ್ಗಿದ ನೀರು ಮೇಲಧಿಕಾರಿಯ ಪ್ಯಾಂಟನ್ನು ಮೊಣಕಾಲವರೆಗೂ ತೋಯಿಸಿತು.

“ಇವನ ಮೇಲೆ ರಿಪೋರ್ಟ್ ಬರೀತೀನಿ ಸಾರ್,” ಎಂದರು ಮೇಲಧಿಕಾರಿ.

“ಬರೀರಿ. ನನ್ನ ಹೆಸರೂ ಸೇರಿಸ್ರಿ. ಅಂಗಡಿ ಇಟ್ಟಾಗ ಮೊದಲ್ನೇ ಗಿರಾಕಿ ಮೋಟ್ರನ್ನ ನಾನೂ ಹಿಂಗೇ ತಿರುಗಿಸಿದ್ದೆ.” ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ, “ಇನ್ಮೇಲೆ ಮೊದ್ಲು ಒತ್ತಿ ನೋಡಪ್ಪ. ಪೂಜೆ ಆಮೇಲೆ ಮಾಡಾಣ,” ಎಂದರು.



ಮುಂದಿನ ಚುನಾವಣೆಯಲ್ಲಿ ಅವರು ಸೋತು ಅಂಗಡಿಗೇ ಮರಳಿದರು. ಒಮ್ಮೆ ಹೋಗಿ ಮಾತಾಡಿಸಬೇಕು ಅಂದುಕೊಳ್ಳುತ್ತಲೇ ಇದ್ದೆ, ಹೋಗಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು.

ಆ ರಿಪೋರ್ಟನ್ನು ಯಾರೂ ಬರೆಯಲಿಲ್ಲ. ನನ್ನ ನೌಕರಿ ಕಾಯಂ ಆಯಿತು. ಹೋದ ತಿಂಗಳು ನಿವೃತ್ತನಾದೆ.