ತುರುಬಿನಲ್ಲಿ ಟೆಸ್ಟರ್

ನಮ್ಮ ಗಣಿತದ ಟೀಚರ್ ತುರುಬಿನಲ್ಲಿ ಅಬ್ಬಲಿಗೆ ಹೂವಿನ ಪಕ್ಕದಲ್ಲೇ ಒಂದು ಕರೆಂಟ್ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದರು. ಹಳದಿ ಹಿಡಿಯ ಟೆಸ್ಟರ್. ಬಸ್ಸಿನಲ್ಲಿ ಹೆಂಗಸರು ನೋಡಿ ನಗುತ್ತಿದ್ದರಂತೆ. ‘ನಗ್ಲಿ ಬಿಡು. ಮಿಕ್ಸಿ ಕೆಟ್ರೆ ನನ್ನ ಹತ್ರಾನೇ ಬರ್ತಾರೆ’ ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಕೊಪ್ಪದ ಹತ್ತಿರದ ನಮ್ಮ ಹೈಸ್ಕೂಲಿಗೆ ಕಂಪ್ಯೂಟರುಗಳು ಬಂದವು, ಬಟ್ಟೆ ಹೊದ್ದು ಮಲಗಿದವು. ಮಕ್ಕಳು ಮುಟ್ಟಿದರೆ ಕೆಡುತ್ತವೆ ಎಂದು ಹೆಡ್‌ಮಾಸ್ಟರು ಕೋಣೆಗೆ ಬೀಗ ಹಾಕಿದ್ದರು. ಟೀಚರ್ ಜಗಳವಾಡಿ ಬೀಗದ ಕೈ ತಂದರು. ‘ಸುಮ್ನೆ ಇಟ್ರೆ ಹಲ್ಲಿ ಮೊಟ್ಟೆ ಇಡ್ತದೆ ಸರ್. ಅದರ ಬದ್ಲು ಮಕ್ಕಳೇ ಕೆಡಿಸ್ಲಿ’ ಎಂದದ್ದು ನಮ್ಮ ಕಿವಿಗೂ ಬಿತ್ತು.

ಆದರೆ ಆ ಕೋಣೆ ನನಗೆ ದಕ್ಕುವಂತಿರಲಿಲ್ಲ. ಪಂಪ್ ಹಾಕಿದಾಗಲೆಲ್ಲ ಏಣಿ ಹತ್ತಿ, ಶಾಲೆಯ ಟ್ಯಾಂಕ್ ತುಂಬುವವರೆಗೆ ಕಾಯುವುದು ನನ್ನ ಕೆಲಸ. ಎಸ್ಟೇಟ್ ಕೂಲಿಯವರ ಮಗಳು, ಹತ್ತಿ ಅಭ್ಯಾಸವಿರುತ್ತದೆ ಎಂದು ಹೆಡ್‌ಮಾಸ್ಟರು ನನ್ನನ್ನೇ ಆರಿಸಿದ್ದರು. ಪಂಪ್ ಹಾಕುತ್ತಿದ್ದುದು ಗಣಿತದ ಪೀರಿಯಡ್ಡಿನಲ್ಲಿ. ಎರಡು ಟೆಸ್ಟಿನಲ್ಲಿ ಫೇಲಾದೆ. ಮೂರನೆಯದರಲ್ಲೂ ಹೀಗೇ ಆದರೆ ನನ್ನ ಜೊತೆ ಕೆಲಸಕ್ಕೆ ಬಾ ಎಂದು ಅಪ್ಪ ಹೇಳಿಬಿಟ್ಟರು.

‘ಎಂತಕ್ಕೆ ಫೇಲಾದೆ ಮಾರಾಯ್ತಿ?’ ಎಂದು ಟೀಚರ್ ಕೇಳಿದರು.

‘ಟ್ಯಾಂಕ್ ನೋಡ್ಲಿಕ್ಕೆ ಹೋಗಿದ್ದೆ ಟೀಚರ್.’

ಬಂದು ಎರಡು ತಿಂಗಳಾಗಿದ್ದ ಅವರಿಗೆ ಇದು ಗೊತ್ತೇ ಇರಲಿಲ್ಲ, ನಾನು ಕಾಣದ ದಿನ ಶಾಲೆಗೇ ಬಂದಿಲ್ಲ ಎಂದುಕೊಂಡಿದ್ದರು. ಅವರ ಮುಖ ಕೆಂಪಾಯಿತು. ಮರುದಿನ ಬೋರ್ಡಿನ ಮೇಲೆ ಬರೆದರು: ‘ಇವಳು ಟ್ಯಾಂಕ್ ಹತ್ತಬಾರದು. ಏನು ಮಾಡೋಣ?’ ಅದೇ ನಮ್ಮ ಮೊದಲ ಕಂಪ್ಯೂಟರ್ ಪಾಠ.

ಉಪಾಯ ಇಷ್ಟು: ಟ್ಯಾಂಕಿನಲ್ಲಿ ಹವಾಯಿ ಚಪ್ಪಲಿಯ ತುಂಡು ನೀರಿನ ಮೇಲೆ ತೇಲಬೇಕು, ನೀರು ಏರಿದಾಗ ಎರಡು ತಗಡನ್ನು ಕೂಡಿಸಬೇಕು. ಅಲ್ಲಿಂದ ವೈರು ಎಳೆದು ಕಂಪ್ಯೂಟರಿನ ಹಿಂದೆ, ಪ್ರಿಂಟರ್ ಸಿಕ್ಕಿಸುವ ಜಾಗಕ್ಕೆ ಕೊಟ್ಟೆವು. ತಗಡು ಕೂಡಿದರೆ ಕೂಗು ಎಂದು ಪ್ರೋಗ್ರಾಮ್ ಬರೆದೆವು. ಒಂದೊಂದು ಕಂಪ್ಯೂಟರಿಗೆ ನಾಲ್ವರು. ಗೊತ್ತಿದ್ದವರು ಕೀಬೋರ್ಡ್ ಮುಟ್ಟುವಂತಿಲ್ಲ, ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹೇಳಬೇಕು, ಗೊತ್ತಿಲ್ಲದವರೇ ಒತ್ತಬೇಕು. ಇದು ಟೀಚರ್ ಕಾನೂನು. ನಮ್ಮ ನಾಲ್ವರಲ್ಲಿ ಗೊತ್ತಿದ್ದವನು ಬಾಳೆಹೊನ್ನೂರಿನ ಅಂಗಡಿಯವರ ಮಗ. ಅವನು ಒತ್ತಲಾಗದೆ ಕೈ ತುರಿಸಿಕೊಳ್ಳುತ್ತ ಹೇಳುತ್ತಿದ್ದ, ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ.

ಮೊದಲ ದಿನ ಟ್ಯಾಂಕ್ ತುಂಬಿ ಅಂಗಳಕ್ಕೆಲ್ಲ ನೀರು ಹರಿಯಿತು. ಕಂಪ್ಯೂಟರ್ ಉಸಿರೆತ್ತಲಿಲ್ಲ. ಹೆಡ್‌ಮಾಸ್ಟರು ನಕ್ಕು ಹೋದರು. ಟೀಚರ್ ಟೆಸ್ಟರಿನಿಂದ ತಲೆ ಕೆರೆದುಕೊಂಡು ನನ್ನತ್ತ ತಿರುಗಿದರು.

‘ನೀನು ಮೇಲೆ ಹೋಗಿ ಒಂದೇ ಸಲ ಇಣುಕಿ ಬರ್ತಿದ್ಯಾ?’

‘ಇಲ್ಲ ಟೀಚರ್. ತುಂಬೋ ತನಕ ಮತ್ತೆ ಮತ್ತೆ ಇಣುಕ್ತೀನಿ.’

‘ನಿಮ್ಮ ಕಂಪ್ಯೂಟರ್ ಎಷ್ಟು ಸಲ ಇಣುಕ್ತು?’

ಒಂದೇ ಸಲ ನೋಡಿ ಸುಮ್ಮನಾಗಿತ್ತು. ನಾವು ಬರೆದದ್ದೇ ಹಾಗೆ. ಮತ್ತೆ ಮತ್ತೆ ನೋಡು ಎಂದು ಅದಕ್ಕೆ ಕಲಿಸಬೇಕಿತ್ತು. ಹಾಗೆ ಇಣುಕುವ ಕೆಲಸ ಇಡೀ ತರಗತಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವತ್ತು ಕೈ ಹಿಂದೆ ಕಟ್ಟಿಕೊಂಡು ಹೇಳಿದವಳು ನಾನು. ಅಂಗಡಿಯವರ ಮಗ ಒತ್ತಿದ.

ಮರುದಿನ ಟ್ಯಾಂಕ್ ತುಂಬಿದ ಕೂಡಲೇ ಅದು ಕಿವಿ ಕಿತ್ತುಹೋಗುವಂತೆ ಕೂಗಿತು. ಹೆಡ್‌ಮಾಸ್ಟರು ಓಡಿ ಬಂದರು. ‘ಕರೆಂಟ್ ಹೋದ್ರೆ ಇದು ಎಂತ ಮಾಡ್ತದೆ? ಅವಳು ಮೇಲೇ ಇರ್ಲಿ.’

‘ಕರೆಂಟ್ ಹೋದ್ರೆ ಪಂಪೂ ನಿಲ್ತದೆ ಸರ್’ ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

‘ಬಾಯಿ ಮುಚ್ಕೊಂಡು ಏಣಿ ಹತ್ತು!’

ಟೀಚರ್ ಬಾಗಿಲಿಗೆ ಅಡ್ಡ ನಿಂತರು. ‘ಅವಳು ಪಾಠದಲ್ಲಿದ್ದಾಳೆ ಸರ್. ನಂಬಿಕೆ ಇಲ್ದಿದ್ರೆ ನೀವೇ ಹತ್ತಿ ನೋಡಿ.’

ಹೆಡ್‌ಮಾಸ್ಟರು ಹತ್ತಲಿಲ್ಲ. ನಾನೂ ಮತ್ತೆ ಹತ್ತಲಿಲ್ಲ. ಮೂರನೆಯ ಟೆಸ್ಟ್ ಪಾಸಾದೆ. ಮುಂದಿನ ವರ್ಷ ಟೀಚರಿಗೆ ಟ್ರಾನ್ಸ್‌ಫರ್ ಆಯಿತು. ಯಾಕೆ ಎಂದು ಊರಿಗೆಲ್ಲ ಗೊತ್ತಿತ್ತು.

ಹೋದ ವರ್ಷ ಟೀಚರ್ ತೀರಿಕೊಂಡರು. ‘ಪಾಪ, ಸಾಧು ಹೆಂಗಸು’ ಎಂದು ಸಾವಿನ ಮನೆಯಲ್ಲಿ ಯಾರೋ ಅಂದಾಗ ನನಗೆ ಸಿಟ್ಟೇ ಬಂತು. ಅವರು ಸಾಧುವಾಗಿದ್ದರೆ ನಾನು ಇವತ್ತು ನರಸಿಂಹರಾಜಪುರದಲ್ಲಿ ಗಣಿತ ಕಲಿಸುತ್ತಿರಲಿಲ್ಲ.

ಮೊನ್ನೆ ಸ್ಟಾಫ್‌ರೂಮಿನಿಂದ ಒಬ್ಬ ಮೇಷ್ಟ್ರು ನನ್ನ ತರಗತಿಗೆ ಬಂದು, ಟೀ ಲೋಟ ತೊಳೆಯಲು ಹಿಂದಿನ ಬೆಂಚಿನ ಹುಡುಗಿಯನ್ನು ಕಳಿಸಿ ಎಂದರು. ಅವಳು ಆಗಲೇ ಎದ್ದು ನಿಂತಿದ್ದಳು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

‘ಅವಳು ಪಾಠದಲ್ಲಿದ್ದಾಳೆ ಸರ್. ನೀವೇ ತೊಳ್ಕೊಳ್ಳಿ.’