ಅರ್ಧ ಗಂಟೆಯ ಅಕ್ಕ

ಸೂಜಿಯಕ್ಕನ ಪರಿಚಯವಾದ ದಿನ ಅವಳು ಒಬ್ಬ ಅಜ್ಜಿಯ ಕೈ ಹಿಡಿದು ಕೂತಿದ್ದಳು. ಅಲರ್ಜಿ ಕ್ಲಿನಿಕ್ಕಿನ ಒಳಕೋಣೆ. ಒಂದು ಟೇಬಲ್ಲು, ಎರಡು ಕುರ್ಚಿ, ಟ್ರೇಯಲ್ಲಿ ಸಾಲಾಗಿ ನಿಂತ ಪುಟ್ಟ ಸೀಸೆಗಳು.

“ಹೇಳಿ ಅಜ್ಜಿ, ನಿಮಗೆ ಏನೇನು ಆಗಿಬರಲ್ಲ?”

“ಸೊಸೆ,” ಎಂದಿತು ಅಜ್ಜಿ, ರೆಪ್ಪೆ ಬಡಿಯದೆ.

“ಅವಳ ಸೀಸೆ ನಮ್ಮಲ್ಲಿಲ್ಲ ಅಜ್ಜಿ. ಸದ್ಯಕ್ಕೆ ಧೂಳು, ಜಿರಳೆ ನೋಡೋಣ.”

ಹೊರಗೆ ಸೀನುತ್ತ ಸರದಿ ಕಾಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು.

ರೋಗಿಯ ಕಥೆ ಕೇಳುವುದು ಡಾಕ್ಟರಮ್ಮನ ಕೆಲಸ, ಚುಚ್ಚುವುದು ಇವಳದು. ಕೈಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿಗೂ ಒಂದೊಂದು ಸೀಸೆಯ ಹನಿ ಇಟ್ಟು, ಹನಿಯ ಮೇಲಿಂದಲೇ ಚರ್ಮಕ್ಕೆ ಸೂಜಿಮೊನೆ ತಾಗಿಸುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಮೈಗೆ ಒಗ್ಗದ ವಸ್ತುವಿನ ಹನಿ ಇದ್ದ ಕಡೆ ಸೊಳ್ಳೆ ಕಚ್ಚಿದಂತೆ ದದ್ದು ಏಳುತ್ತದೆ. ನೋವೇ ಗೊತ್ತಾಗದ ಹಾಗೆ ಚುಚ್ಚುತ್ತಾಳೆಂದು ಮಕ್ಕಳೇ ಅವಳಿಗೆ ಆ ಹೆಸರಿಟ್ಟಿದ್ದವು.

ನಗುನಗುತ್ತ ಕೇಳುವ ‘ಏನು ಆಗಿಬರಲ್ಲ’ ಎಂಬ ಆ ಪ್ರಶ್ನೆಯೇ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಅವಳಿಗೊಬ್ಬ ಅಕ್ಕ. ತಾಯಿ ತೀರಿಕೊಂಡ ಮೇಲೆ ತಲೆ ಬಾಚಿ, ಶಾಲೆಗೆ ಕಳಿಸಿ, ನರ್ಸಿಂಗ್ ಓದಿಸಿದವಳು. ತಂಗಿ ತಾನೇ ಮೆಚ್ಚಿದವನನ್ನು ಮದುವೆಯಾದಾಗ ಅಕ್ಕ ಮುಖ ಊದಿಸಿಕೊಂಡಳು. ಆದರೂ ತಂಗಿಯ ಹೊಸ ಮನೆಗೆ ಊಟಕ್ಕೆ ಬಂದಳು. ಗಂಡ ಸಾಕಿದ ಬೆಕ್ಕು ಅಕ್ಕನ ಕಾಲಬುಡದಲ್ಲೇ ಸುತ್ತುತ್ತಿತ್ತು. ಬಡಿಸುವ ಹೊತ್ತಿಗೆ ಅಕ್ಕನ ಕಣ್ಣುಗಳು ಕೆಂಡದಂತಾಗಿದ್ದವು. ಅವಳು ಮೂಗೊರೆಸಿಕೊಂಡು ಎದ್ದು, “ನಿನ್ನ ಮನೆ ನನಗೆ ಆಗಿಬರಲ್ಲ ಕಣೇ,” ಎಂದು ಹೊರಟೇಬಿಟ್ಟಳು.

ತಂಗಿಗೆ ಅದು ಶಾಪದಂತೆ ಕೇಳಿಸಿತು. ಕರೆಯದೆ ಮತ್ತೆ ಹೋಗಬಾರದೆಂದು ಅಕ್ಕ ಕಾದಳು. ಬೇಡವೆಂದವಳನ್ನು ಕರೆಯುವುದು ಹೇಗೆಂದು ತಂಗಿ ಕಾದಳು. ವರ್ಷಗಳು ಹಾಗೆಯೇ ಕಳೆದವು. ಇಬ್ಬರೂ ಇದ್ದದ್ದು ಒಂದೇ ಊರಿನಲ್ಲಿ. ಬಸ್ಸಿನಲ್ಲಿ ಯಾರಾದರೂ ಹೆಂಗಸು ಅಕ್ಕನ ಹಾಗೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡರೆ ಸೂಜಿಯಕ್ಕ ಅವಳನ್ನೇ ನೋಡುತ್ತ ತನ್ನ ನಿಲ್ದಾಣ ದಾಟಿ ಹೋಗುತ್ತಿದ್ದಳು.

ಒಂದು ಬೆಳಗ್ಗೆ ಡಾಕ್ಟರಮ್ಮ, “ಉಬ್ಬಸದವರು, ಸ್ವಲ್ಪ ನೋಡಿ,” ಎಂದು ಒಬ್ಬರನ್ನು ಒಳಗೆ ಕಳಿಸಿದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ತಂಗಿ ಈ ಕ್ಲಿನಿಕ್ಕಿಗೆ ಸೇರಿದ್ದು ಅವಳಿಗೆ ಗೊತ್ತಿರಲಿಲ್ಲ. ಸೂಜಿಯಕ್ಕ ಕುರ್ಚಿ ತೋರಿಸಿ, ಬೇರೇನೂ ತೋಚದೆ ದಿನನಿತ್ಯದ ಪ್ರಶ್ನೆಯನ್ನೇ ಕೇಳಿದಳು:

“ಏನು... ಏನು ಆಗಿಬರಲ್ಲ?”

“ಸೊಸೆ ಆಗಿಬರ್ತಾಳೆ. ಅವಳು ತವರಿಂದ ತಂದ ಬೆಕ್ಕು ಆಗಿಬರಲ್ಲ. ಅದು ಸುಳಿದ್ರೆ ಸಾಕು, ಕಣ್ಣು ಕೆಂಪಾಗುತ್ತೆ, ಉಸಿರು ಕಟ್ಟುತ್ತೆ. ಮೊದಲು ಹಾಗಾಗಿದ್ದು ನಿನ್ನ ಮನೇಲಿ.”

ಸೂಜಿಯಕ್ಕ ಅಕ್ಕನ ಕೈಮೇಲೆ ಗುರುತು ಹಾಕಿ, ಟ್ರೇಯಿಂದ ಬೆಕ್ಕಿನ ಸೀಸೆಯನ್ನೂ ಎತ್ತಿಕೊಂಡಳು. ಚುಚ್ಚಿ ಕಾದಾಗ ಧೂಳಿನ ಹನಿ, ಜಿರಳೆಯ ಹನಿ ಎಲ್ಲ ಸುಮ್ಮನಿದ್ದವು. ಬೆಕ್ಕಿನ ಹನಿಯ ಜಾಗ ಮಾತ್ರ ಕೆಂಪಗೆ ಊದಿ ಎದ್ದಿತ್ತು.

“ನಾನು... ನನ್ನ ಮನೆ ನಿನ್ನ ಮನಸಿಗೇ ಆಗಿಬರಲ್ಲ ಅಂದ್ಕೊಂಡೆ, ಅಕ್ಕ.”

“ಊರವರ ಕೈಯೆಲ್ಲಾ ಚುಚ್ಚಿ ಚುಚ್ಚಿ ನೋಡ್ತೀಯ. ನನ್ನ ಮಾತನ್ನ ಒಂದ್ಸಲ ತಿರುಗಿ ಕೇಳೋಕೆ ಆಗ್ಲಿಲ್ವೇನೇ, ಪೆದ್ದಿ!”

“ನೀನಾದ್ರೂ ಬಿಡಿಸಿ ಹೇಳ್ಬಹುದಿತ್ತು.”

“ನಂಗೇನು ಆಗ ಬೆಕ್ಕು ಅಂತ ಗೊತ್ತಿತ್ತೇ? ನಿನ್ನ ಮನೆಯ ಗೋಡೆನೇ ನನ್ನ ಬೇಡ ಅಂತಿದೆ ಅಂದ್ಕೊಂಡೆ.”

ಡಾಕ್ಟರಮ್ಮ ಇಣುಕಿದಾಗ ರೋಗಿಯೂ ನರ್ಸೂ ಒಂದೇ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಅಕ್ಕತಂಗಿಯರೆಂದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. “ಅಯ್ಯೋ, ನಿಮಗೂ ಅಲರ್ಜಿನಾ?” ಎಂದು ಗಾಬರಿಯಾದರು.

ಸೂಜಿಯಕ್ಕನ ಮನೆಯಲ್ಲಿ ಈಗ ಆ ಬೆಕ್ಕಿಲ್ಲ, ಅದರ ಮರಿಯಿದೆ. ಅದು ಗಂಡನ ಮಡಿಲು ಬಿಟ್ಟು ಕದಲುವುದಿಲ್ಲ. ಅಕ್ಕನಿಗಂತೂ ತನ್ನ ಮನೆಯಲ್ಲೇ ಬೆಕ್ಕು. ಮೈಯನ್ನು ಮೆಲ್ಲಮೆಲ್ಲನೆ ಒಗ್ಗಿಸುವ ಚುಚ್ಚುಮದ್ದು ಶುರುವಾಯಿತು. ಮದ್ದು ಹಾಕಿಸಿಕೊಂಡವರು ಮೈಗೆ ಏನೂ ಆಗದೆಂದು ಖಚಿತವಾಗುವ ತನಕ ಅರ್ಧ ಗಂಟೆ ಅಲ್ಲೇ ಕೂರಬೇಕು. ವಾರಕ್ಕೊಮ್ಮೆ ಸಿಗುವ ಆ ಅರ್ಧ ಗಂಟೆಗಾಗಿ ಸೂಜಿಯಕ್ಕ ಉಳಿದ ದಿನಗಳನ್ನೆಲ್ಲ ನೂಕುತ್ತಿದ್ದಳು. ಅಮ್ಮನ ನಗು ಹೇಗಿತ್ತು, ಯಾರ ಜಡೆ ಉದ್ದವಿತ್ತು ಎಂಬ ಜಗಳಗಳೆಲ್ಲ ಅಲ್ಲೇ ನಡೆದವು.

ಮದ್ದು ಚೆನ್ನಾಗಿ ನಾಟಿದೆ. ಅದರಿಂದಲೇ ಈಗ ಅಕ್ಕ ಬರುವುದು ತಿಂಗಳಿಗೊಮ್ಮೆ. ಡಾಕ್ಟರಮ್ಮನಿಗೆ ಅದು ಸಂತೋಷ. ಸೂಜಿಯಕ್ಕನಿಗೆ ಸಂತೋಷವೂ ಹೌದು, ಸಂಕಟವೂ ಹೌದು. ತಂಗಿಯ ಮನೆಯ ಹೊಸ್ತಿಲು ಮತ್ತೆ ತುಳಿಯುವಷ್ಟು ಧೈರ್ಯ ಅಕ್ಕನ ಎದೆಗೆ ಇನ್ನೂ ಬಂದಿಲ್ಲ. ಸೂಜಿಯಕ್ಕ ಒತ್ತಾಯಿಸುವುದಿಲ್ಲ. ಮನೆಯ ಪರದೆಗಳನ್ನು ಮಾತ್ರ ಬಿಡದೆ ಒಗೆಯುತ್ತಾಳೆ, ಮಂಚದ ಕೆಳಗೂ ಒದ್ದೆಬಟ್ಟೆ ಹಾಕಿ ಒರೆಸುತ್ತಾಳೆ, ಬೆಕ್ಕು ಒಂದು ಕೋಣೆ ದಾಟದಂತೆ ಗಂಡನನ್ನು ಪಳಗಿಸುತ್ತಿದ್ದಾಳೆ.

ಮೊನ್ನೆ ಅಕ್ಕ ಗಡಿಯಾರ ನೋಡಿ ಚೀಲ ಎತ್ತಿಕೊಂಡಳು. “ಹೊತ್ತಾಯ್ತು, ಬರ್ಲೇನೇ?”

ತೋಳಿನಲ್ಲಿ ಊತವಿರಲಿಲ್ಲ, ಕೆಂಪೂ ಇರಲಿಲ್ಲ.

“ಇರು ಅಕ್ಕ,” ಎಂದು ಸೂಜಿಯಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಕೈ ಇನ್ನೊಂದ್ಸಲ ನೋಡ್ತೀನಿ.”