ಖಚಿತವಿಲ್ಲ, ಆದರೂ ನಿಲ್ಲಿಸಿ

ಊರಿನ ಫೋಟೋಗ್ರಾಫರುಗಳಿಗೆಲ್ಲ ಅವಳು ಫೋಕಸಕ್ಕ. ಇಪ್ಪತ್ತೆಂಟು ವರ್ಷ ಯಾವ ಸ್ಟುಡಿಯೋದ ಹಂಗೂ ಇಲ್ಲದೆ, ಹೆಗಲಿಗೊಂದು ಬ್ಯಾಗು ಏರಿಸಿಕೊಂಡು, ಕರೆದವರ ಮನೆಗೆ, ಮದುವೆಗೆ, ಕಾರ್ಖಾನೆಗೆ ಹೋಗಿ ಫೋಟೋ ತೆಗೆದುಕೊಟ್ಟವಳು. ಅವಳು ತೆಗೆದ ಫೋಟೋದಲ್ಲಿ ಮದುಮಗಳ ರೆಪ್ಪೆಗೂದಲು ಎಣಿಸಬಹುದು ಎನ್ನುತ್ತಿದ್ದರು. "ಎಣಿಸೋಕೆ ಬೇರೆ ಕೆಲಸ ಇಲ್ವಾ ನಿಮಗೆ?" ಎಂದು ಗದರಿಸಿದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಅಂಥವಳ ಬಲಗಣ್ಣಿನ ನಟ್ಟನಡುವೆ ಮಬ್ಬು ಕೂತದ್ದು ಅವಳನ್ನು ಬಿಟ್ಟರೆ ಮೊದಲು ಗೊತ್ತಾದದ್ದು ಗಂಡನಿಗೆ. ಆತ ಟೈಲರ್. ಐವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿ ನಿಶ್ಚಿಂತನಾಗಿದ್ದ. ಒಂದು ಬೆಳಿಗ್ಗೆ ಅವಳು ನಾಲ್ಕು ಸಲ ದಾರವನ್ನು ಸೂಜಿಯ ಪಕ್ಕದ ಗಾಳಿಗೆ ಪೋಣಿಸಿದಳು. ಐದನೆಯ ಸಲ ಬಲಗಣ್ಣು ಮುಚ್ಚಿಕೊಂಡಳು. ದಾರ ಸಲೀಸಾಗಿ ಒಳಗೆ ಹೋಯಿತು. ಆತ ಮಿಷನ್ನಿನ ಪೆಡಲಿನಿಂದ ಕಾಲು ತೆಗೆದ.

"ಏನಾಯ್ತೇ ಕಣ್ಣಿಗೆ?"

"ಏನಿಲ್ಲ ರೀ. ನಿದ್ದೆ ಸಾಲ್ದು."

"ನಿದ್ದೆ ಸಾಲ್ದೆ ಇದ್ರೆ ಎರಡು ಕಣ್ಣಿಗೂ ಸಾಲ್ಬಾರ್ದು. ಒಂದಕ್ಕೆ ಮಾತ್ರ ಏನು ಮುನಿಸು?"

ಅಂಗಡಿಗೆ ಬೀಗ ಹಾಕಿ ಆತನೇ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಚೌಕಳಿ ಗೆರೆ ಎಳೆದ ಒಂದು ಕಾಗದ ಹಿಡಿದರು. ಎಡಗಣ್ಣಿಗೆ ಗೆರೆಗಳು ನೆಟ್ಟಗಿದ್ದವು. ಬಲಗಣ್ಣಿಗೆ ನಡುವಿನ ಗೆರೆಗಳೆಲ್ಲ ಸೊಟ್ಟಗಾಗಿ, ಮಧ್ಯದಲ್ಲಿ ಮಸಿ ಒರೆಸಿದಂಥ ಕಲೆ ಕಾಣಿಸಿತು.

"ಯಾವಾಗಿನಿಂದ ಹೀಗೆ?" ಎಂದು ಡಾಕ್ಟರು ಕೇಳಿದರು.

ಅವಳು ಗಂಡನ ಕಡೆ ನೋಡದೆ ಹೇಳಿದಳು: "ಆರು ತಿಂಗಳಾಯ್ತು."

ಕಣ್ಣಿನ ಹಿಂಪರದೆಯ ನಡುಭಾಗ ಕೆಡುತ್ತಿದೆ, ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ತಡ ಮಾಡಬಾರದು ಎಂದರು ಡಾಕ್ಟರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಗಂಡ, "ನಂಗಾದ್ರೂ ಹೇಳ್ಬಹುದಿತ್ತು," ಎಂದಷ್ಟೇ ಹೇಳಿದ.

"ಗಿರಣಿ ಚಿಮಣಿ ಫೋಟೋ ಕೆಲಸ ಒಂದು ಮುಗೀಲಿ ರೀ. ಮೂರು ವಾರ ಅಷ್ಟೇ. ಆಮೇಲೆ ಎಲ್ಲಿ ಬೇಕಾದ್ರೂ ಚುಚ್ಚಿಸ್ಕೋತೀನಿ. ಅಲ್ಲೀತನಕ ಯಾರ ಮುಂದೇನೂ ಬಾಯಿ ಬಿಡ್ಬೇಡಿ."

ಆ ಆರು ತಿಂಗಳು ಅವಳು ದಿನ ದೂಡಿದ್ದು ಕ್ಯಾಮೆರಾದ ಕೃಪೆಯಿಂದ. ಹೊಸ ಕ್ಯಾಮೆರಾ ತಾನೇ ಜನರ ಮುಖ ಹುಡುಕಿ ಫೋಕಸ್ ಹಿಡಿಯುತ್ತಿತ್ತು. ಅವಳು ಬಟನ್ ಒತ್ತುತ್ತಿದ್ದಳು, ಹೊಗಳಿಕೆ ಬರುತ್ತಿತ್ತು. ಹೊಗಳಿಕೆ ಮುಗಿಯುವ ಮೊದಲೇ ಬ್ಯಾಗು ಕಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಚಿಮಣಿ ಕೆಲಸ ಎಂದರೆ ಅವಳೊಬ್ಬಳದ್ದಲ್ಲ, ಇಡೀ ಗುಂಪಿನದು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಎಂಟು ಮಂದಿ ಫೋಟೋಗ್ರಾಫರುಗಳು ಪ್ರತಿ ಭಾನುವಾರ ಬೆಳಿಗ್ಗೆ ಸೇರುತ್ತಿದ್ದರು. ಹಿಂದೆ ಅಲ್ಲಿ ರೀಲು ತೊಳೆಯುತ್ತಿದ್ದರಿಂದ ಅದಕ್ಕೆ ಕತ್ತಲೆಕೋಣೆ ಎಂಬ ಹೆಸರು ಉಳಿದಿತ್ತು. ಉದ್ದನೆಯ ಮೇಜಿನ ಮೇಲೆ ಒಬ್ಬೊಬ್ಬರೂ ತಮ್ಮ ವಾರದ ಫೋಟೋ ಇಡಬೇಕು, ಉಳಿದವರು ದಾಕ್ಷಿಣ್ಯವಿಲ್ಲದೆ ಹೇಳಬೇಕು. ಅಲ್ಲಿ ಕೊಕ್ಕರೆ ಎಂಬವನಿದ್ದ. ಆರಡಿ ದಾಟಿದ ದೇಹ, ಹಕ್ಕಿಗಳ ಹುಚ್ಚು, ಕಡ್ಡಿ ಮುರಿದಂಥ ಮಾತು. ಫೋಕಸಕ್ಕನ ಜೊತೆ ಇಪ್ಪತ್ತು ವರ್ಷ ಜಗಳವಾಡಿಕೊಂಡೇ ಸ್ನೇಹ ಉಳಿಸಿಕೊಂಡವನು. ಗುಬ್ಬಿ ಎಂಬ ಇಪ್ಪತ್ತೇಳರ ಹುಡುಗಿಯಿದ್ದಳು. ಕ್ಯಾಮೆರಾ ಹಿಡಿಯುವುದನ್ನು ಫೋಕಸಕ್ಕನಿಂದಲೇ ಕಲಿತು, ಈಗ ಮದುವೆಗಳ ಕಾಲದಲ್ಲಿ ಅವಳಷ್ಟೇ ಬಿಡುವಿಲ್ಲದವಳಾಗಿದ್ದಳು.

ಮುಚ್ಚಿ ಹೋದ ಬಟ್ಟೆ ಗಿರಣಿಯ ನೂರಿಪ್ಪತ್ತು ಅಡಿ ಚಿಮಣಿಯನ್ನು ಸಿಡಿಮದ್ದಿಟ್ಟು ಕೆಡವುವವರಿದ್ದರು. ಬೀಳುವುದನ್ನು ಐದು ದಿಕ್ಕಿನಿಂದ ಸೆರೆಹಿಡಿಯುವ ಕೆಲಸ ಕತ್ತಲೆಕೋಣೆಗೆ ಬಂದಿತ್ತು. ಅದು ಒಂದೇ ಸಲ ಬೀಳುವಂಥದ್ದು, ಇನ್ನೊಮ್ಮೆ ಬೀಳು ಎಂದರೆ ಬೀಳುವುದಿಲ್ಲ. ಎಲ್ಲಕ್ಕಿಂತ ಹತ್ತಿರದ ಜಾಗ ಹಳೆಯ ಕ್ಯಾಂಟೀನಿನ ತಾರಸಿ. ಅಲ್ಲಿ ಯಾರು ಎಂಬ ಪ್ರಶ್ನೆಯನ್ನೇ ಯಾರೂ ಎತ್ತಲಿಲ್ಲ. ಎಲ್ಲರ ಕತ್ತೂ ಫೋಕಸಕ್ಕನ ಕಡೆ ತಿರುಗಿತು. ಅವಳು ತಲೆಯಾಡಿಸಿಬಿಟ್ಟಳು.

ಚಿಮಣಿ ಕೆಡವುವ ದಿನ ಬೆಳಿಗ್ಗೆ ಕಂಪನಿಯ ಎಂಜಿನಿಯರು ಐವರ ಕೈಗೂ ಒಂದೊಂದು ವಾಕಿಟಾಕಿ ಕೊಟ್ಟರು. "ಹತ್ತೂವರೆಗೆ ಮೊದಲ ಸೈರನ್, ಎಲ್ಲರೂ ಹೊರಗೆ. ಹತ್ತು ಐವತ್ತಕ್ಕೆ ಎರಡನೇದು. ಹನ್ನೊಂದಕ್ಕೆ ಮೂರನೇದು, ಆಮೇಲೆ ಹತ್ತರಿಂದ ಎಣಿಸ್ತೀವಿ. ಯಾರಿಗೇ ಆಗಲಿ ಅಪಾಯ ಕಂಡ್ರೆ 'ನಿಲ್ಲಿಸಿ' ಅಂತ ಮೂರು ಸಲ ಹೇಳಿ. ಆದ್ರೆ ಸುಮ್ಸುಮ್ನೆ ಹೇಳ್ಬೇಡಿ ಮಾರಾಯ್ರೇ. ಒಂದ್ಸಲ ನಿಲ್ಲಿಸಿದ್ರೆ ಮದ್ದಿನ ವೈರೆಲ್ಲ ಮತ್ತೆ ನೋಡ್ಬೇಕು. ಅಲ್ಲೀತನಕ ಸುತ್ತಲಿನ ನಾಲ್ಕು ರಸ್ತೆ ಬಂದ್."

ಕೊಕ್ಕರೆ ತನ್ನ ಉದ್ದನೆಯ ಲೆನ್ಸ್ ಹೊತ್ತುಕೊಂಡು ಗಿರಣಿಯ ಹಿಂದಿನ ನೀರಿನ ಟ್ಯಾಂಕು ಹತ್ತಿದ. ಗುಬ್ಬಿ ಪಕ್ಕದ ಶಾಲೆಯ ತಾರಸಿಗೆ ಹೋದಳು. ಇನ್ನಿಬ್ಬರು ರಸ್ತೆಯಾಚೆ ನಿಂತರು. ಫೋಕಸಕ್ಕ ಒಬ್ಬಳೇ ಕ್ಯಾಂಟೀನಿನ ಮೆಟ್ಟಿಲು ಹತ್ತಿ ಮೂರುಕಾಲಿನ ಸ್ಟ್ಯಾಂಡ್ ಊರಿದಳು. ಚಿಮಣಿ ಅವಳಿಗೆ ವಿರುದ್ಧ ದಿಕ್ಕಿಗೆ ಬೀಳುವುದಿತ್ತು, ಆ ಭಯವೇನೂ ಇರಲಿಲ್ಲ. ಅಭ್ಯಾಸದಂತೆ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿದಳು. ನೆಟ್ಟಗೆ ನಿಂತಿದ್ದ ಚಿಮಣಿ ಅವಳಿಗೆ ನಡುವೆ ಆಗಲೇ ಮುರಿದು ಬಾಗಿದಂತೆ ಕಾಣಿಸಿತು. ಕಣ್ಣನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ನೋಡಿದಳು.

ಎರಡನೆಯ ಸೈರನ್ ಆಯಿತು. ಕಾವಲಿನವರು ಆವರಣ ಖಾಲಿ ಎಂದು ವಾಕಿಟಾಕಿಯಲ್ಲಿ ಹೇಳಿದರು. ಗಂಟೆ ಹತ್ತು ಐವತ್ತಾರು.

ಆಗ ಚಿಮಣಿಯ ಬುಡದಲ್ಲಿದ್ದ ಬಾಯ್ಲರ್ ಮನೆಯ ಬಾಗಿಲಲ್ಲಿ ಏನೋ ಕಪ್ಪಗೆ ಸರಿದಂತಾಯಿತು.

ಸರಿದದ್ದು ಬಾಗಿಲಲ್ಲೇ? ತನ್ನ ಕಣ್ಣಲ್ಲೇ? ತನ್ನ ಮಬ್ಬಿನ ಗುಣ ಅವಳಿಗೆ ಗೊತ್ತಿತ್ತು. ಕಣ್ಣು ಎತ್ತ ತಿರುಗಿದರೆ ಅದೂ ಅತ್ತ ಬರುತ್ತದೆ. ದೃಷ್ಟಿಯನ್ನು ಚಿಮಣಿಯ ತುದಿಗೆ ಒಯ್ದಳು. ಕಲೆಯೂ ತುದಿಗೆ ಬಂತು. ಮತ್ತೆ ಬಾಗಿಲಿಗೆ ತಂದಳು. ಕಲೆ ಬಂದು ಬಾಗಿಲನ್ನೇ ಮುಚ್ಚಿ ಕೂತಿತು. ಮುಖ ಹೊರಳಿಸಿ ಎಡಗಣ್ಣಿನಿಂದ ನೋಡಿದಳು. ಬರಿದೇ ಬಾಗಿಲು, ಅದರೊಳಗೆ ಕತ್ತಲು. ಗೊತ್ತಿಲ್ಲದೆ ಬಟನ್ ಒತ್ತಿರಬಹುದೇನೋ ಎಂದು ಕ್ಯಾಮೆರಾದ ಪರದೆ ನೋಡಿದಳು. ಒತ್ತಿರಲಿಲ್ಲ.

ಗಂಟೆ ಹತ್ತು ಐವತ್ತೇಳು.

ಕಂಡದ್ದು ಮನುಷ್ಯನಾಗಿರದಿದ್ದರೆ? ಎಂಜಿನಿಯರು ಕೇಳುತ್ತಾರೆ, ಜನ ಕೇಳುತ್ತಾರೆ, ಕತ್ತಲೆಕೋಣೆ ಕೇಳುತ್ತದೆ. ಇಪ್ಪತ್ತೆಂಟು ವರ್ಷದ ಹೆಸರು ಒಂದೇ ಪ್ರಶ್ನೆಗೆ ಮಣ್ಣುಪಾಲು. ಮನುಷ್ಯನೇ ಆಗಿದ್ದರೆ? ಆ ಯೋಚನೆಯನ್ನು ಪೂರ್ತಿ ಮಾಡುವ ಧೈರ್ಯ ಅವಳಿಗಾಗಲಿಲ್ಲ. ವಾಕಿಟಾಕಿ ಎತ್ತಿದಳು.

"ನಿಲ್ಲಿಸಿ. ನಿಲ್ಲಿಸಿ. ನಿಲ್ಲಿಸಿ."

ಒಂದು ಕ್ಷಣ ಬರೀ ಗೊರಗೊರ ಸದ್ದು. ಆಮೇಲೆ ಎಂಜಿನಿಯರ ದನಿ ಬಂತು. "ಯಾರದು? ಏನು ಕಂಡ್ರಿ?"

"ಕ್ಯಾಂಟೀನ್ ತಾರಸಿಯಿಂದ. ಬಾಯ್ಲರ್ ಮನೆ ಬಾಗಿಲಲ್ಲಿ ಯಾರೋ ಹೋದಂಗಾಯ್ತು."

"ಹೋದಂಗಾಯ್ತು ಅಂದ್ರೆ? ಖಚಿತನಾ? ನನ್ನವರು ಎರಡು ಸಲ ನೋಡಿ ಬಂದಿದಾರಮ್ಮ."

ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಎಣಿಕೆ ಶುರು. ಆ ವಾಕಿಟಾಕಿಯನ್ನು ಗೆಳೆಯರೆಲ್ಲ ಕಿವಿಗೆ ಹಿಡಿದು ನಿಂತಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು.

"ಖಚಿತ ಇಲ್ಲ," ಎಂದಳು. "ನನ್ನ ಬಲಗಣ್ಣು ಕೆಟ್ಟಿದೆ. ಆರು ತಿಂಗಳಿಂದ ನಟ್ಟನಡುವೆ ಏನೂ ಕಾಣಲ್ಲ. ನಾನು ಕಂಡದ್ದು ಕಣ್ಣಿನ ಕಲೇನೇ ಇರಬಹುದು, ಮನುಷ್ಯನೂ ಇರಬಹುದು. ಆದ್ರೂ ನಿಲ್ಲಿಸಿ, ನಿಮ್ಮ ದಮ್ಮಯ್ಯ. ಗುಬ್ಬಿ, ಕೊಕ್ಕರೆ, ನನ್ನ ಕಣ್ಣು ನಂಬಬೇಡಿ. ನಿಮ್ಮ ಕ್ಯಾಮೆರಾದಲ್ಲಿ ಹತ್ತು ನಿಮಿಷದಿಂದ ಈಚೆಗೆ ಏನೇನಿದೆ ನೋಡಿ."

ಎಂಜಿನಿಯರು ಯಾರಿಗೋ ಏನೋ ಕೂಗಿದ್ದು ದೂರದಿಂದ ಕೇಳಿಸಿತು. ಗುಬ್ಬಿಯ ದನಿ ಮೊದಲು ಬಂತು. "ಅಕ್ಕಾ, ನಂದ್ರಲ್ಲಿ ಏನೂ ಇಲ್ಲ. ಇಲ್ಲಿಂದ ಬಾಯ್ಲರ್ ಮನೆ ಬಾಗಿಲು ಕಾಣ್ಸೋದೇ ಇಲ್ಲ."

ಫೋಕಸಕ್ಕ ತಾರಸಿಯ ಕಟ್ಟೆ ಹಿಡಿದು ಕುಕ್ಕರಿಸಿದಳು. ಹನ್ನೊಂದಾಯಿತು. ಹನ್ನೊಂದು ಒಂದಾಯಿತು. ರಸ್ತೆಯಾಚೆ ಸೇರಿದ್ದ ಜನ ಶಿಳ್ಳೆ ಹಾಕತೊಡಗಿದರು.

"ಸ್ವಲ್ಪ ತಡೀರಿ," ಎಂದ ಕೊಕ್ಕರೆ. ಉಬ್ಬಸ ಬಂದವನ ಹಾಗೆ ಮಾತಾಡುತ್ತಿದ್ದ. "ಹತ್ತು ಐವತ್ತೈದಕ್ಕೆ ಬಾಯ್ಲರ್ ಮನೆ ಹಿಂದಿನ ಕಿಟಕಿಯಿಂದ ಪಾರಿವಾಳ ಒಟ್ಟಿಗೆ ಎದ್ವು. ಸುಮ್ಮನೆ ಒಂದು ಹತ್ತು ಫೋಟೋ ಹೊಡೆದಿದ್ದೆ. ದೊಡ್ಡದು ಮಾಡಿ ನೋಡ್ತಿದೀನಿ..." ಮಾತು ತುಂಡಾಯಿತು. "ಕಿಟಕಿ ಒಳಗೆ ಕೈ ಇದೆ. ಮನುಷ್ಯನ ಕೈ! ಬೋಲ್ಟ್ ಬಿಚ್ಚೋ ಪಾನ ಹಿಡ್ಕೊಂಡಿದೆ. ಒಳಗೆ ಜನ ಇದಾರೆ ಸಾರ್, ಮುಟ್ಟಬೇಡಿ, ಯಾರೂ ಏನೂ ಮುಟ್ಟಬೇಡಿ!"

ಕಾವಲಿನವರು ಓಡಿದರು. ಐದು ನಿಮಿಷಕ್ಕೆ ಒಬ್ಬ ಮುದುಕನನ್ನು ತೋಳು ಹಿಡಿದು ಕರೆತಂದರು. ಆತ ಆ ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಮೂವತ್ತೊಂದು ವರ್ಷ ಆ ಗದ್ದಲದಲ್ಲೇ ದುಡಿದು ಕಿವಿ ಕಳೆದುಕೊಂಡಿದ್ದ. ಸೈರನ್ ಆತನ ಪಾಲಿಗೆ ಆಗಿಯೇ ಇರಲಿಲ್ಲ. ಹಿಂದಿನ ಗೋಡೆ ಬಿದ್ದ ಕಡೆಯಿಂದ ನುಸುಳಿ, ಬಾಯ್ಲರಿನ ಹಿತ್ತಾಳೆ ನಂಬರ್ ಪ್ಲೇಟು ಬಿಚ್ಚಿಕೊಳ್ಳಲು ಹೋಗಿದ್ದನಂತೆ. ನಾಲ್ಕು ಬೋಲ್ಟಿನಲ್ಲಿ ಮೂರು ಬಿಚ್ಚಿದ್ದ. ಎಳೆದುಕೊಂಡು ಬಂದವರಿಗೆ, "ಇನ್ನೊಂದೇ ಒಂದು ಇತ್ತಲ್ರೋ," ಎಂದು ಬೈಯುತ್ತಿದ್ದ.

ಫೋಕಸಕ್ಕ ಕ್ಯಾಂಟೀನಿನಿಂದ ಇಳಿದು ಬಂದಳು. ಎಂಜಿನಿಯರು ಎದುರು ಬಂದು ತಲೆಯ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ನಿಂತರು. ಅವಳು ಗುಬ್ಬಿಯನ್ನು ಕರೆಸಿ ಕ್ಯಾಮೆರಾ ಸ್ಟ್ಯಾಂಡಿನ ಸಮೇತ ಜಾಗ ಬಿಟ್ಟುಕೊಟ್ಟಳು.

"ನೀವು ಅಕ್ಕಾ?"

"ನಾನು ಕೆಳಗಿರ್ತೀನಿ. ನೀನು ಮೇಲೆ ಹೋಗು, ಗಾಳಿಗೆ ಸ್ಟ್ಯಾಂಡ್ ಅಲ್ಲಾಡುತ್ತೆ, ಭಾರಕ್ಕೆ ಬ್ಯಾಗ್ ನೇತು ಹಾಕು."

ಚಿಮಣಿ ಬಿದ್ದದ್ದು ಮಧ್ಯಾಹ್ನ ಎರಡು ನಲವತ್ತಕ್ಕೆ. ಫೋಕಸಕ್ಕ ಅದರ ಒಂದು ಫೋಟೋವನ್ನೂ ತೆಗೆಯಲಿಲ್ಲ. ಕಾವಲಿನವರು ಕಟ್ಟಿದ ಹಗ್ಗದಾಚೆ ಆ ಮುದುಕನ ಪಕ್ಕ ಕೂತಿದ್ದಳು. ನೆಲ ಅದುರಿದಾಗ ಆತ ಅಂಗೈಯನ್ನು ಮಣ್ಣಿಗೆ ಒತ್ತಿ ಹಿಡಿದು, ಕಿವುಡರು ಮಾತಾಡುವ ಗಟ್ಟಿ ದನಿಯಲ್ಲಿ, "ಹೋಯ್ತಾ?" ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

ಭಾನುವಾರ ಕತ್ತಲೆಕೋಣೆಯ ಮೆಟ್ಟಿಲು ಹತ್ತುವಾಗ, ಶಹಬ್ಬಾಸ್ ಎನ್ನುತ್ತಾರೇನೋ ಎಂದು ಅವಳ ಮನಸ್ಸಿನ ಒಂದು ಮೂಲೆ ನಿರೀಕ್ಷಿಸಿತ್ತು. ಒಳಗೆ ಹೋದರೆ ಕೊಕ್ಕರೆ ಮುಖ ತಿರುಗಿಸಿ ಕೂತಿದ್ದ.

"ಏನೋ, ಮಾತಾಡಲ್ವಾ?"

"ಒಂದು ಕೇಳ್ಲಾ?" ಎಂದ ಆತ. "ಆರು ತಿಂಗಳಿಂದ ಈ ಮೇಜಿನ ಮೇಲೆ ನನ್ನ ಫೋಟೋ ಇಟ್ಟಿದೀನಿ. ಚೆನ್ನಾಗಿದೆ ಕಣೋ ಅಂದಿದೀಯ. ಮೊದಲೆಲ್ಲ ಹರಿದು ಹಾಕ್ತಿದ್ದೋಳು ಈಚೆಗೆ ಚೆನ್ನಾಗಿದೆ ಅಂತೀಯಲ್ಲ, ನನ್ನ ಕೈ ಕುದುರ್ತು ಅಂದ್ಕೊಂಡಿದ್ದೆ. ನೀನು ನೋಡೇ ಇರ್ಲಿಲ್ಲ, ಅಲ್ವಾ?"

ಕೋಣೆಯಲ್ಲಿ ಎಲ್ಲರೂ ಮೇಜು ನೋಡುತ್ತಿದ್ದರು. ಕಣ್ಣಿನ ವಿಷಯ ತನ್ನ ಒಬ್ಬಳ ಗುಟ್ಟು ಎಂದು ಅವಳು ಅಂದುಕೊಂಡಿದ್ದಳು. ಎದುರಿಗಿದ್ದ ಏಳು ಮಂದಿಗೂ ಅದು ಸುಳ್ಳಾಗಿ ತಲುಪಿತ್ತು ಎಂಬುದು ಈಗ ಹೊಳೆಯಿತು.

"ಇಲ್ಲ ಕಣೋ," ಎಂದಳು ಕೊನೆಗೆ. "ಸರಿಯಾಗಿ ನೋಡಿರ್ಲಿಲ್ಲ. ತಪ್ಪಾಯ್ತು."

ಗುಬ್ಬಿ ಎದ್ದು ಬಂದು ಅವಳ ಪಕ್ಕ ಕುರ್ಚಿ ಎಳೆದುಕೊಂಡಳು. ಕೊಕ್ಕರೆ ಎದ್ದು ಕೆಳಗಿಳಿದು ಹೋದ.

ಆ ಶುಕ್ರವಾರ ಮೊದಲ ಇಂಜೆಕ್ಷನ್. ಗಂಡ ಅಂಗಡಿ ಮುಚ್ಚಿ ಜೊತೆಗೆ ಬಂದ. ಚುಚ್ಚಿಸಿಕೊಂಡವಳು ಅವಳಾದರೂ ಹೊರಗೆ ಬೆಂಚಿನ ಮೇಲೆ ಬೆವರಿ ಸೋತು ಕೂತವನು ಆತ. ಹೋದ ದೃಷ್ಟಿ ಪೂರ್ತಿ ಬರುವುದಿಲ್ಲ, ಇನ್ನೂ ಕೆಡದಂತೆ ತಡೆಯಬಹುದು ಎಂದರು ಡಾಕ್ಟರು. ಸುದ್ದಿ ಊರೆಲ್ಲ ಹರಡಿ, ಎರಡು ಮದುವೆಯವರು ನಯವಾಗಿ ಬೇಡ ಎಂದರು. ಮೂರನೆಯವರು ಗುಬ್ಬಿಯನ್ನು ಕರೆದರು. ಗುಬ್ಬಿ, "ಅಕ್ಕ ಬಂದ್ರೆ ಮಾತ್ರ ಬರ್ತೀನಿ," ಎಂದು ಪಟ್ಟು ಹಿಡಿದಳು.

ಎಡಗಣ್ಣಿನಿಂದ ನೋಡುವುದನ್ನು ಫೋಕಸಕ್ಕ ಮೊದಲಿನಿಂದ ಕಲಿಯಬೇಕಾಯಿತು. ಮೂಗು ಅಡ್ಡ ಬರುತ್ತಿತ್ತು, ಪರದೆಗೆಲ್ಲ ಬೆವರು ಮೆತ್ತುತ್ತಿತ್ತು. ಮನೆಯಲ್ಲಿ ಗಂಡನನ್ನು ಮಿಷನ್ನಿನ ಮುಂದೆ ಕೂರಿಸಿ ದಿನಕ್ಕೆ ನೂರು ಫೋಟೋ ತೆಗೆದಳು. "ನನ್ನ ಮುಖ ನೋಡಿ ನೋಡಿ ಇರೋ ಕಣ್ಣೂ ಹೋದೀತು," ಎಂದು ಆತ ಗೊಣಗುತ್ತಿದ್ದ, ಅಲ್ಲಾಡದೆ ಕೂತಿರುತ್ತಿದ್ದ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಕೊಕ್ಕರೆ ಒಂದು ಮಿಂಚುಳ್ಳಿ ಹಕ್ಕಿಯ ಫೋಟೋ ತಂದು ಅವಳ ಮುಂದೆ ಇಟ್ಟ. ಅವಳು ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಎಡಗಣ್ಣಿಗೆ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

"ರೆಕ್ಕೆ ಚೆನ್ನಾಗಿ ಬಂದಿದೆ," ಎಂದಳು. "ಮುಖ ಫೋಕಸ್ ಆಗಿಲ್ಲ ಕಣೋ. ನೀರಿನ ಹನಿಗೆ ಹಿಡಿದಿದೀಯ."

"ಆಗಿದೆ."

"ಆಗಿಲ್ಲ. ತಗೋ, ನೋಡು."

ಕೊಕ್ಕರೆ ಕಿತ್ತುಕೊಂಡು ನೋಡಿದ, ಅರ್ಧ ಗಂಟೆ ವಾದ ಮಾಡಿದ, ಫೋಟೋವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ಮುಂದಿನ ಭಾನುವಾರ ಅದೇ ಹಕ್ಕಿಯ ಬೇರೆ ಫೋಟೋ ತಂದ.